ಗಾಳಿಯೊಳಗಿನ ನೀರು, ಗೋಡೆಯ ಮೇಲಿನ ಚಿತ್ರ

ಸಿಂಧನೂರಿನ ಬೇಸಗೆಯಲ್ಲಿ ಮನೆಯ ಮೂಲೆಯಲ್ಲಿಟ್ಟ ಮಣ್ಣಿನ ಹರವಿಯ ನೀರು ತಣ್ಣಗಿರುತ್ತದೆ. ಅದೇ ಹರವಿಯನ್ನು ಆಷಾಢದ ಮಂಗಳೂರಿಗೆ ಒಯ್ದರೆ ನೀರು ಅಷ್ಟಾಗಿ ತಣಿಯದು. ಈ ಸಣ್ಣ ಸಂಗತಿಗೂ ನೂರು ವರ್ಷ ಮೀರಿದ ಚಿತ್ರಗಳ ಅಳಿವು ಉಳಿವಿಗೂ ಹತ್ತಿರದ ಸಂಬಂಧವಿದೆಯೆಂದರೆ ವಾಚಕರಿಗೆ ಸೋಜಿಗವೆನಿಸಬಹುದು. ಆ ಸಂಬಂಧವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕಳೆದ ಮಳೆಗಾಲದಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕೆಲವು ವಿದ್ಯಾರ್ಥಿಗಳೊಡನೆ ನಾವು ಮಂಗಳೂರಿಗೆ ಹೋಗಿದ್ದೆವು. ಅಲ್ಲಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಪ್ರಾರ್ಥನಾಮಂದಿರ ಹೆಸರಿಗೆ ವಸ್ತುಸಂಗ್ರಹಾಲಯವಲ್ಲ. ಆದರೂ ಕರಾವಳಿಯಲ್ಲಿ ಅದಕ್ಕೆ ಸರಿಗಟ್ಟುವ ಚಿತ್ರಶಾಲೆ ದುರ್ಲಭ. ಇಟಲಿಯ ಬೆರ್ಗಾಮೊ ಸೀಮೆಯಲ್ಲಿ 1854ರಲ್ಲಿ ಹುಟ್ಟಿದ ಆಂಟೋನಿಯೊ ಮೊಸ್ಕೇನಿ ಎಂಬ ಯೇಸುಸಭೆಯ ಸಹೋದರರು 1899ರ ಸುಮಾರಿಗೆ ಆರಂಭಿಸಿ ಗೋಡೆ, ಕಮಾನು, ಮಾಳಿಗೆಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಕಾಲಕ್ರಮದಲ್ಲಿ ಅವು ಹಾಳಾಗತೊಡಗಿದಾಗ, ಇಂಟ್ಯಾಕ್ ಸಂಸ್ಥೆಯ ತಜ್ಞರು 1991ರಿಂದ 1994ರವರೆಗೆ ದುಡಿದು ಅವನ್ನು ಸುಸ್ಥಿತಿಗೆ ತಂದರು.

ಹೊರಗೆ ಮಳೆ ಸುರಿಯುತ್ತಿತ್ತು. ಒಳಗೆ ವಿದ್ಯಾರ್ಥಿಗಳು ಕತ್ತೆತ್ತಿ ನಿಂತುಬಿಟ್ಟಿದ್ದರು. ಮಸ್ಕಿಯ ಕಡೆಯ ಹುಡುಗನೊಬ್ಬ ಮೆಲ್ಲನೆ ಕೇಳಿದ: “ಸರ್, ಇಷ್ಟು ಹಳೆಯ ಬಣ್ಣ ಹೀಗೆ ಹೊಳೆಯಬೇಕಾದರೆ ಮೇಲೆ ಹೊಸ ಬಣ್ಣ ಬಳಿದಿರಬೇಕಲ್ಲವೇ? ನಮ್ಮೂರ ಗುಡಿಯಲ್ಲಿ ಹಾಗೆಯೇ ಮಾಡಿದ್ದಾರೆ. ಒಂದು ಗೋಡೆ ಮುಗಿದಿದೆ, ಇನ್ನೊಂದು ಉಳಿದಿದೆ.” ಪ್ರಶ್ನೆ ಸಹಜವಾದದ್ದು. ಅದಕ್ಕೆ ಉತ್ತರ ಹೇಳಬೇಕಾದರೆ ಚಿತ್ರವೆಂಬುದು ಭೌತದೃಷ್ಟಿಯಿಂದ ಏನೆಂಬುದನ್ನು ಮೊದಲು ತಿಳಿಯಬೇಕು.

ಈ ಮಂದಿರದಲ್ಲಿ ಎರಡು ಬಗೆಯ ಚಿತ್ರಗಳಿವೆ. ಗೋಡೆಯ ಮೇಲಿನವು ಫ್ರೆಸ್ಕೊಗಳು. ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕದಡಿದ ಬಣ್ಣವನ್ನು ಹಚ್ಚುವುದು ಈ ವಿಧಾನ. ಗಾರೆಯಲ್ಲಿನ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಎಂದರೆ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಬಣ್ಣದ ಕಣಗಳು ಆ ಹರಳುಗಳ ನಡುವೆ ಸೆರೆಯಾಗುತ್ತವೆ. ಇಲ್ಲಿ ಬಣ್ಣ ಗೋಡೆಯ ಮೇಲಿಲ್ಲ, ಗೋಡೆಯ ಒಳಗಿದೆ. ಮಾಳಿಗೆಯ ಚಿತ್ರಗಳಾದರೋ ಕ್ಯಾನ್ವಾಸ್ ಬಟ್ಟೆಯ ಮೇಲಿನ ತೈಲಚಿತ್ರಗಳು. ತೈಲವರ್ಣಕ್ಕೆ ಸಾಮಾನ್ಯವಾಗಿ ಬಳಸುವುದು ನಮ್ಮ ಹೊಲಗಳಲ್ಲಿ ಬೆಳೆಯುವ ಅಗಸೆಯ ಎಣ್ಣೆ. ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಕೂಡಿ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತದೆ.

ಇವೆರಡಕ್ಕೂ ದೊಡ್ಡ ಶತ್ರು ನೀರು. ಸೋರುವ ಮಾಡಿನ ನೀರು ಎಲ್ಲರ ಕಣ್ಣಿಗೂ ಬೀಳುತ್ತದೆ. ಗಾಳಿಯಲ್ಲಿ ಅಡಗಿದ ನೀರು ಯಾರ ಕಣ್ಣಿಗೂ ಬೀಳದು. ಒಂದು ಲೆಕ್ಕ ನೋಡೋಣ. 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರಿನಷ್ಟು ಜಾಗದಲ್ಲಿ ಹೆಚ್ಚೆಂದರೆ ಸುಮಾರು 27 ಗ್ರಾಂ ನೀರಾವಿ ಇರಬಲ್ಲುದು. ಮಳೆಗಾಲದ ಮಂಗಳೂರಿನಲ್ಲಿ ಈ ಗರಿಷ್ಠ ಪ್ರಮಾಣದ ಶೇಕಡಾ 90ರಷ್ಟು ಆವಿ ಗಾಳಿಯಲ್ಲಿದೆಯೆಂದು ಇಟ್ಟುಕೊಂಡರೆ, ಅದು 24 ಗ್ರಾಂಗಿಂತ ತುಸು ಹೆಚ್ಚಾಯಿತು. ಆದರೆ ಉಷ್ಣತೆ 26 ಡಿಗ್ರಿಗೆ ಇಳಿದರೆ ಗರಿಷ್ಠ ಮಿತಿಯೇ ಅಷ್ಟು! ಆದ್ದರಿಂದ ಗೋಡೆಯು ಗಾಳಿಗಿಂತ ಬರಿಯ 2 ಡಿಗ್ರಿ ತಂಪಾಗಿದ್ದರೆ ಸಾಕು, ಆವಿಯು ಅದರ ಮೇಲೆ ನೀರಾಗಿ ಕೂಡುತ್ತದೆ. ಮಸ್ಕಿಯಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಉಷ್ಣತೆ 40 ಡಿಗ್ರಿ, ಆರ್ದ್ರತೆ ಶೇಕಡಾ 20 ಎನ್ನೋಣ. ಆಗ ಗೋಡೆಯ ಮೇಲೆ ನೀರು ಕೂಡಬೇಕಾದರೆ ಅದು ಸುಮಾರು 13 ಡಿಗ್ರಿಗೆ ತಣಿಯಬೇಕು. ಅದು ಆಗದ ಮಾತು. ಹರವಿಯ ಗುಟ್ಟೂ ಇದೇ: ಒಣಗಾಳಿ ಹರವಿಯ ಮೈಯ ನೀರನ್ನು ಬೇಗ ಹೀರಿ ಅದನ್ನು ತಣಿಸುತ್ತದೆ, ಆವಿ ತುಂಬಿದ ಗಾಳಿಗೆ ಇನ್ನಷ್ಟು ಹೀರಲು ಎಡೆಯಿಲ್ಲ.

ಕಡಲತಡಿಯಲ್ಲಿ ಇದಕ್ಕೆ ಉಪ್ಪು ಜೊತೆಗೂಡುತ್ತದೆ. ಆರ್ದ್ರತೆ ಸುಮಾರು ಶೇಕಡಾ 75ನ್ನು ಮೀರಿದರೆ ಅಡುಗೆಯ ಉಪ್ಪು ಗಾಳಿಯ ನೀರನ್ನು ಹೀರಿ ತಾನೇ ಕರಗತೊಡಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದು ಇದರಿಂದಲೇ. ಗೋಡೆಯ ರಂಧ್ರಗಳಲ್ಲಿ ಸೇರಿದ ಉಪ್ಪೂ ಹೀಗೆ ಮಳೆಗಾಲದಲ್ಲಿ ಕರಗಿ, ಬೇಸಗೆಯಲ್ಲಿ ಮತ್ತೆ ಹರಳುಗಟ್ಟುತ್ತದೆ. ಬೆಳೆಯುವ ಹರಳು ಬಣ್ಣದ ಪದರವನ್ನು ಹಿಂದಿನಿಂದ ತಳ್ಳುತ್ತದೆ. ವರ್ಷ ವರ್ಷವೂ ಇದು ನಡೆದರೆ ಗಾರೆ ಹಿಟ್ಟಾಗಿ ಉದುರುತ್ತದೆ. ಕ್ಯಾನ್ವಾಸಿನ ಕಷ್ಟ ಬೇರೆ: ತೇವದ ಏರಿಳಿತಕ್ಕೆ ಬಟ್ಟೆ ಹಿಗ್ಗಿ ಕುಗ್ಗುತ್ತದೆ; ಬಿರುಸಾದ ಹಳೆಯ ಎಣ್ಣೆಯ ಪೊರೆ ಹಾಗೆ ಹಿಗ್ಗಲಾರದೆ ಬಿರುಕು ಬಿಡುತ್ತದೆ.

ಹಾಗಾದರೆ ಜೀರ್ಣೋದ್ಧಾರವೆಂದರೇನು? ಬಲ್ಲವರು ಕುಂಚವನ್ನು ಕೊನೆಗೆ ಹಿಡಿಯುತ್ತಾರೆ. ಮೊದಲು ಮಾಡಿನ ಸೋರಿಕೆಯನ್ನೂ ಗೋಡೆಯ ಬುಡದ ತೇವವನ್ನೂ ತಡೆಯಬೇಕು. ಆಮೇಲೆ ಉಪ್ಪನ್ನೂ ಕೊಳೆಯನ್ನೂ ತೆಗೆದು, ಸಡಿಲವಾದ ಪದರವನ್ನು ಮತ್ತೆ ಅಂಟಿಸಬೇಕು. ಬಣ್ಣ ಪೂರ್ತಿ ಹೋದ ಎಡೆಯಲ್ಲಿ ಮಾತ್ರ ಹೊಸ ಬಣ್ಣವನ್ನು ತುಂಬಬೇಕು. ಅದೂ ಮುಂದೆ ಬೇಕೆಂದಾಗ ಮೂಲಕ್ಕೆ ಧಕ್ಕೆಯಾಗದಂತೆ ತೆಗೆಯಬಹುದಾದ ಬಣ್ಣವಾಗಿರಬೇಕು. ಹೀಗೆ ತುಂಬಿದ ತಾಣವನ್ನು ಪತ್ತೆಹಚ್ಚಲು ಭೌತಶಾಸ್ತ್ರ ನೆರವಾಗುತ್ತದೆ. ಹಳೆಯ ತೈಲಚಿತ್ರದ ಮೇಲೆ ಕತ್ತಲೆಯಲ್ಲಿ ಅತಿನೇರಳೆ ಕಿರಣಗಳನ್ನು ಬೀರಿದರೆ ಹಳೆಯ ವಾರ್ನಿಷು ಮಂದವಾಗಿ ಬೆಳಗುತ್ತದೆ. ಅದರ ಮೇಲೆ ಈಚೆಗೆ ಬಳಿದ ಬಣ್ಣ ಸಾಮಾನ್ಯವಾಗಿ ಕಪ್ಪು ಕಲೆಯಂತೆ ತೋರುತ್ತದೆ.

ಈಗ ಆ ಹುಡುಗನ ಊರಿನ ಗುಡಿಗೆ ಬರೋಣ. ಅಲ್ಲಿ ಹಳೆಯ ಸುಣ್ಣದ ಗೋಡೆಯ ಚಿತ್ರಗಳ ಮೇಲೆ ಭಕ್ತಿಯಿಂದಲೇ ಎನಾಮೆಲ್ ಬಣ್ಣ ಬಳಿದಿದ್ದಾರೆ. ಗೋಡೆ ಥಳಥಳಿಸುತ್ತದೆ, ನಿಜ. ಆದರೆ ಸುಣ್ಣದ ಗೋಡೆ ತನ್ನ ಸೂಕ್ಷ್ಮ ರಂಧ್ರಗಳ ಮೂಲಕ ತೇವವನ್ನು ಹೊರಬಿಡುವಂಥದು. ಎನಾಮೆಲಿನ ಪೊರೆ ಆ ದಾರಿಯನ್ನು ಮುಚ್ಚುತ್ತದೆ. ನೆಲದಿಂದಲೋ ಮಾಡಿನಿಂದಲೋ ಬಂದ ನೀರು ಒಳಗೇ ಉಳಿದು, ಪೊರೆಯ ಹಿಂದೆಯೇ ಉಪ್ಪು ಹರಳುಗಟ್ಟುತ್ತದೆ. ಕೆಲವು ವರ್ಷಗಳಲ್ಲಿ ಹೊಸ ಬಣ್ಣ ಹಪ್ಪಳದಂತೆ ಏಳುತ್ತದೆ. ಏಳುವಾಗ ಅದಕ್ಕೆ ಅಂಟಿದ ಹಳೆಯ ಚಿತ್ರವನ್ನೂ ಕಿತ್ತುಕೊಂಡು ಬರುತ್ತದೆ. ಹೊಸದಾಗಿಸುವುದು ಬೇರೆ, ಉಳಿಸುವುದು ಬೇರೆ.

ನಮ್ಮ ಸೀಮೆಗೆ ಈ ಮಾತು ಮುಖ್ಯವಾದದ್ದು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅದನ್ನು 1915ರಲ್ಲಿ ಗುರುತಿಸಿದರು. ಶಾಸನಗಳ ದೇವಾನಾಂಪ್ರಿಯನು ಅಶೋಕನೇ ಎಂಬುದು ಅದರಿಂದ ದೃಢಪಟ್ಟಿತು. ಇಪ್ಪತ್ತೆರಡು ಶತಮಾನಗಳನ್ನು ಆ ಅಕ್ಷರಗಳು ದಾಟಿ ಬಂದಿವೆ. ಗಟ್ಟಿಕಲ್ಲಿನೊಡನೆ ಒಣಗಾಳಿಯೂ ಅವನ್ನು ಕಾಯಿತು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಂಗಳೂರಿನಲ್ಲಿ ಚಿತ್ರವನ್ನು ಉಳಿಸಲು ಸಾಧ್ಯವಾದರೆ, ಅದರ ಐದನೆಯ ಒಂದು ಪಾಲಿನಷ್ಟು ಮಾತ್ರ ಮಳೆ ಕಾಣುವ ನಮ್ಮಲ್ಲಿ ಅದು ಅಸಾಧ್ಯವೇ? ಇಲ್ಲಿ ಗಾಳಿ ನಮ್ಮ ಪಕ್ಷದಲ್ಲಿದೆ. ಅವಸರದ ಕೈಯನ್ನು ತಡೆಯುವುದಷ್ಟೇ ಉಳಿದ ಕೆಲಸ.

ಮರಳಿ ಬರುವಾಗ ಆ ಹುಡುಗ ಬಸ್ಸಿನಲ್ಲಿ ತನ್ನ ಊರಿನ ಹಿರಿಯರಿಗೊಂದು ಪತ್ರ ಬರೆಯಲು ಕುಳಿತ. ಗುಡಿಗಾಗಿ ಕೂಡಿಸಿದ ಹಣದಲ್ಲಿ ಈ ವರ್ಷ ಮಾಡಿನ ಬಿರುಕು ಮುಚ್ಚಿಸಿ, ಗೋಡೆಯ ಬುಡದಿಂದ ಮಳೆನೀರು ಹೊರಹರಿಯುವಂತೆ ಕಾಲುವೆ ತೋಡಿಸಬೇಕು. ಪುರಾತತ್ವ ಇಲಾಖೆಯವರು ಬಂದು ನೋಡುವವರೆಗೆ ಎರಡನೆಯ ಗೋಡೆಯನ್ನು ಯಾರೂ ಮುಟ್ಟಬಾರದು, ಎಂದು ಅದರಲ್ಲಿತ್ತು. ನಾವು ಒಂದೆರಡು ಕಾಗುಣಿತ ತಿದ್ದಿದ್ದೆವು, ಅಷ್ಟೆ.