ಮುದ್ರೆ ನನ್ನದು, ಪತ್ರ ನನ್ನದಲ್ಲ

ಗ್ರಂಥಾಲಯದ ಕಳ್ಳತನವನ್ನೇ ಕಥೆ ಮಾಡಿಕೊಂಡ ಪತ್ತೇದಾರಿ ಕಾದಂಬರಿಗಳನ್ನು ಓದುವಾಗ ಎದೆ ಡವಗುಟ್ಟುವುದಿಲ್ಲ. ಊರು ಸಣ್ಣದು, ಎಲ್ಲರಿಗೂ ಎಲ್ಲರ ಪರಿಚಯ. ಕಳುವಾದದ್ದು ಪುಸ್ತಕ, ಹುಡುಕುವವರು ನಿವೃತ್ತ ಟೀಚರೋ ಕುತೂಹಲ ತಡೆಯಲಾರದ ಅತ್ತೆಯೋ. ಪೊಲೀಸರು ಬರುತ್ತಾರೆ, ಚಾ ಕುಡಿಯುತ್ತಾರೆ, ಹೋಗುತ್ತಾರೆ. ಇಂಗ್ಲಿಷಿನವರು ‘ಕೋಝಿ ಮಿಸ್ಟರಿ’ ಎಂದು ಕರೆಯುವ ಈ ಬಗೆಗೆ ದಾರಿ ಮಾಡಿಕೊಟ್ಟವರಲ್ಲಿ ಅಗಾಥಾ ಕ್ರಿಸ್ಟಿ ಮುಖ್ಯರು. ಅವರ ಮಿಸ್ ಮಾರ್ಪಲ್ ಉಣ್ಣೆ ಹೆಣೆಯುತ್ತ ಕೂತಲ್ಲೇ ಕೊಲೆಗಾರನನ್ನು ಹಿಡಿಯುವ ಅಜ್ಜಿ. 1942ರಲ್ಲಿ ಬಂದ ‘ದಿ ಬಾಡಿ ಇನ್ ದಿ ಲೈಬ್ರರಿ’ಯಲ್ಲಿ ಹೆಣವೇ ಗ್ರಂಥಾಲಯಕ್ಕೆ ಬಂದು ಬೀಳುತ್ತದೆ.

ಕನ್ನಡದ ಪತ್ತೇದಾರಿ ಹಿಡಿದ ದಾರಿ ಬೇರೆ. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು ಒಂದಿಡೀ ತಲೆಮಾರಿಗೆ ಓದುವ ಚಟ ಹಿಡಿಸಿದರು. ಕನ್ನಡ ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಬರೆದವರೇ. ಆದರೆ ನಮ್ಮ ಪತ್ತೇದಾರ ಹೆಚ್ಚಾಗಿ ಚುರುಕು ತರುಣ, ಕೈಯಲ್ಲಿ ಪಿಸ್ತೂಲು, ಓಡಾಟವೆಲ್ಲ ಪಟ್ಟಣದಲ್ಲಿ. ಅರವತ್ತು ದಾಟಿದವರೊಬ್ಬರು ಕಟ್ಟೆಯ ಮೇಲೆ ಕೂತು ಗುಟ್ಟು ಬಿಡಿಸುವ ಕಾದಂಬರಿಯ ಜಾಗ ಬಹುಮಟ್ಟಿಗೆ ಖಾಲಿಯೇ ಉಳಿದಿದೆ.

ಆ ಜಾಗ ತುಂಬುವ ಕಾದಂಬರಿಯನ್ನು ಮಾಣಿಕನಗರದಲ್ಲಿ ನಡೆಸಬೇಕು ಎನ್ನುವುದು ನನ್ನ ಬಹುದಿನದ ಹಟ. ಬೀದರ ಜಿಲ್ಲೆಯ ಹುಮನಾಬಾದಿಗೆ ಅಂಟಿಕೊಂಡಂತಿರುವ ಊರದು. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಇಲ್ಲಿ ನೆಲೆ ನಿಂತರು, 1865ರಲ್ಲಿ ಇಲ್ಲೇ ಸಮಾಧಿಸ್ಥರಾದರು. ಅವರದು ಸಕಲಮತ ಸಂಪ್ರದಾಯ. ಯಾವ ಮತವನ್ನೂ ಅಲ್ಲಗಳೆಯದ ದಾರಿ ಅದು. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಗಾದಿ. ದತ್ತ ಜಯಂತಿಯ ಹೊತ್ತಿಗೆ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಮೂರೂ ಕಡೆಯ ಜನ ಬಂದು ಸೇರುತ್ತಾರೆ, ಸಂಗೀತ ನಡೆಯುತ್ತದೆ. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಗದ್ದಲ ಎಲ್ಲಿ ಸಿಗಬೇಕು?

ಅದಕ್ಕಿಂತ ಒಳ್ಳೆಯದು ಇಲ್ಲಿನ ಭಾಷೆಗಳ ಕಲಸುಮೇಲೋಗರ. 1956ರ ನವೆಂಬರ್ 1ರವರೆಗೆ ಈ ನೆಲ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದ ಕಚೇರಿಯ ಭಾಷೆ ಉರ್ದು. ಮರಾಠಿಯ ಹಳೆಯ ಲೆಕ್ಕಪತ್ರ ಮೋಡಿ ಲಿಪಿಯಲ್ಲಿ. ಮನೆಯ ಮಾತು ಕನ್ನಡ, ಸಂತೆಯಲ್ಲಿ ದಖನಿ. ಹೊಲದ ತಕರಾರು ಬಂದಾಗ ಅಜ್ಜನ ಕಾಲದ ಕಾಗದ ಹಿಡಿದುಕೊಂಡು ಮೋಡಿ ಓದಬಲ್ಲವರನ್ನು ಹುಡುಕಿಕೊಂಡು ಹೋಗುವವರು ಈ ಕಡೆ ಇನ್ನೂ ಇದ್ದಾರೆ. ನನ್ನ ಕಾದಂಬರಿಯ ಪತ್ತೇದಾರ ಅಂಥ ಒಬ್ಬ ಓದುಗ: ತಹಸೀಲ ಕಚೇರಿಯಲ್ಲಿ ಕಾರಕೂನಕಿ ಮಾಡಿ ನಿವೃತ್ತನಾದ ಕಾಕಾ. ಕಣ್ಣು ಮಂಜು, ಅಕ್ಷರದ ನೆನಪು ಮಾತ್ರ ಗಟ್ಟಿ. “ಕಾಕಾ, ಈ ಹಾಳಿ ಯಾರ ಕೈಬರಹ ನೋಡ್ರಿ?” ಎಂದು ಓಣಿಯ ಹುಡುಗಿ ಕೇಳಿದರೆ ಅವನು ಮೊದಲು ಶಾಯಿ ನೋಡುತ್ತಾನೆ, ಆಮೇಲೆ ಮಡಿಕೆ ನೋಡುತ್ತಾನೆ, ಕೊನೆಗೆ ಓದುತ್ತಾನೆ. ಉಳ್ಳಾಗಡ್ಡಿ ಭಜಿಯ ಎಣ್ಣೆ ಹತ್ತಿದ ಬೆರಳಿನಿಂದ ಮಾತ್ರ ಮುಟ್ಟುವುದಿಲ್ಲ.

ಇಂಥ ಕಾದಂಬರಿಗೆ ಮುನ್ನುಡಿಯಂತೆ ಇಡಬಹುದಾದ ನಿಜಕಥೆಯೊಂದು ಅಲ್ಲಿಂದ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಇದೆ. ಬೀದರದಲ್ಲಿ ಮಹಮೂದ್ ಗವಾನನ ಮದರಸಾ ನೋಡದವರು ಕಡಿಮೆ. 1472ರ ಕಟ್ಟಡ, ಮೂರು ಅಂತಸ್ತು, ಇರಾನಿನ ಕಡೆಯ ಬಣ್ಣದ ಹಂಚಿನ ಕೆಲಸ. ಗಿಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿಗಳ ಪ್ರಧಾನಿಯಾದ ಗವಾನ್ ತನ್ನ ಮದರಸಾದ ಗ್ರಂಥಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿ ಸೇರಿಸಿದ್ದ ಎಂಬ ಲೆಕ್ಕ ಇತಿಹಾಸದ ಪುಸ್ತಕಗಳಲ್ಲಿ ಸಿಗುತ್ತದೆ. ಅವನ ಅಂತ್ಯವಂತೂ ಹೆಣೆದ ಪತ್ತೇದಾರಿಯ ಹಾಗೇ ಇದೆ.

ದರಬಾರಿನಲ್ಲಿ ಅವನಿಗೆ ಆಗದವರು ಅವನ ಮುದ್ರೆ ಕಾಯುವ ಆಳನ್ನು ಒಲಿಸಿಕೊಂಡರು. ಬರಿಯ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಆ ಹಾಳೆಯಲ್ಲಿ ಒಡಿಶಾದ ಅರಸನಿಗೆ ದಂಡೆತ್ತಿ ಬಾ ಎಂದು ಕರೆಯುವ ಪತ್ರ ಬರೆದು ಸುಲ್ತಾನ ಮೂರನೇ ಮುಹಮ್ಮದ್‌ ಎದುರು ಹಿಡಿದರು. ಸುಲ್ತಾನ ಕುಡಿದಿದ್ದ. ಗವಾನನನ್ನು ಕರೆಸಿ, ದ್ರೋಹಿಗೆ ಏನು ಶಿಕ್ಷೆ ಎಂದು ಕೇಳಿದ. ಮರಣವೇ ಎಂದು ಮುದುಕ ಹೇಳಿದ. ಪತ್ರ ತೋರಿಸಿದಾಗ ಅವನು ಕೊಟ್ಟ ಉತ್ತರ ಇಷ್ಟೇ: ಮುದ್ರೆ ನನ್ನದು, ಪತ್ರ ನನ್ನದಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಬಿಡಾರದಲ್ಲಿ ಅವನ ತಲೆ ಹೋಯಿತು. ಮರುವರ್ಷ ಸುಲ್ತಾನನೂ ತೀರಿಕೊಂಡ, ಪಶ್ಚಾತ್ತಾಪದಲ್ಲಿ ಎನ್ನುತ್ತಾರೆ.

ನನ್ನ ಕಾಕಾ ಆ ಬಿಡಾರದಲ್ಲಿ ಇದ್ದಿದ್ದರೆ ಕೇಳಬಹುದಾಗಿದ್ದ ಮೊದಲ ಪ್ರಶ್ನೆ ಮುದ್ರೆಯದಲ್ಲ, ಶೈಲಿಯದು. ಏಕೆಂದರೆ ಗವಾನ್ ಪತ್ರ ಬರೆಯುವ ಕಲೆಯ ಬಗ್ಗೆಯೇ ‘ಮನಾಜಿರುಲ್ ಇನ್ಶಾ’ ಎಂಬ ಗ್ರಂಥ ಬರೆದವನು. ಅವನ ಪತ್ರಗಳ ಸಂಕಲನ ‘ರಿಯಾಜುಲ್ ಇನ್ಶಾ’ ಇಂದಿಗೂ ಉಳಿದಿದೆ. ಹಾಗೆ ಬರೆಯಬಲ್ಲವನ ಹೆಸರಿನಲ್ಲಿ ಬಂದ ಕಾಗದವನ್ನು ಅವನ ಬೇರೆ ಕಾಗದದ ಪಕ್ಕ ಇಟ್ಟು ನೋಡುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ. ಇನ್ನು ಆ ಮೂರು ಸಾವಿರ ಗ್ರಂಥ? ಕಟ್ಟಡ 1696ರ ಮದ್ದಿನ ಸ್ಫೋಟದಲ್ಲಿ ಅರ್ಧ ಉರುಳಿತು. ಪುಸ್ತಕಗಳಲ್ಲಿ ಉಳಿದದ್ದು ಸಂಖ್ಯೆ ಮಾತ್ರ. ಯಾವುದು ಕಳುವಾಯಿತು ಎಂದು ಹೇಳಬೇಕಾದರೆ ಏನೇನಿತ್ತು ಎಂಬ ಪಟ್ಟಿ ಬೇಕಲ್ಲ. ಗ್ರಂಥಪಾಲಕರ ಮೇಜಿನ ಮೇಲಿನ ದಪ್ಪ ದಾಖಲಾತಿ ವಹಿಯನ್ನು ನಾವು ಬೇಸರದ ವಸ್ತು ಎಂದುಕೊಳ್ಳುತ್ತೇವೆ. ಅದಿಲ್ಲದ ಕಡೆ ಕಳ್ಳತನ ನಡೆದರೂ ದೂರು ಕೊಡಲು ಬರುವುದಿಲ್ಲ.

ಮುದ್ರೆ ಕಾಯುವವನೇ ಮುದ್ರೆ ಮಾರಿದ ಎಂಬುದನ್ನು ಗಮನಿಸಿ. ಗ್ರಂಥಾಲಯದ ದೊಡ್ಡ ಕಳ್ಳತನಗಳಲ್ಲಿ ಬೀಗ ಒಡೆಯುವವರಿಗಿಂತ ಬೀಗದ ಕೈ ಇರುವವರ ಮೇಲೆ ಕಣ್ಣಿಡಬೇಕು. ಇಟಲಿಯ ನೇಪಲ್ಸ್‌ನ ಜಿರೋಲಾಮಿನಿ ಗ್ರಂಥಾಲಯ ಹಳೆಯದು. 2012ರಲ್ಲಿ ಅಲ್ಲಿಗೆ ಹೋದ ಕಲಾ ಇತಿಹಾಸಕಾರ ತೊಮಾಸೊ ಮೊಂತನಾರಿ ನೆಲದ ಮೇಲೆ ಬಿದ್ದ ಪುಸ್ತಕಗಳನ್ನೂ ತಂಪು ಪಾನೀಯದ ಖಾಲಿ ಡಬ್ಬಿಗಳನ್ನೂ ಕಂಡು ಪತ್ರಿಕೆಗೆ ಬರೆದರು. ಒಳಗಿನ ಇಬ್ಬರು ನೌಕರರು ಅವರ ಕಿವಿಯಲ್ಲಿ ಸಂಶಯ ಹಾಕಿದ್ದರು. ತನಿಖೆ ಮುಗಿದಾಗ ಕಳ್ಳನಾಗಿ ನಿಂತವನು ನಿರ್ದೇಶಕನೇ: ಮರೀನೊ ಮಾಸಿಮೊ ದೆ ಕಾರೊ. ಏಳು ವರ್ಷ ಶಿಕ್ಷೆಯಾಯಿತು. ಅದೇ ಮನುಷ್ಯ ಗೆಲಿಲಿಯೊನ 1610ರ ಪುಸ್ತಕದ ಹುಸಿ ಪ್ರತಿಯನ್ನೂ ಮಾಡಿಸಿದ್ದ. ಬರ್ಲಿನ್‌ನ ತಜ್ಞರು ಅಸಲಿ ಎಂದು ಒಪ್ಪಿದ್ದ ಆ ಪ್ರತಿಯನ್ನು ನಿಕ್ ವೈಲ್ಡಿಂಗ್ ಎಂಬ ಇತಿಹಾಸದ ಮೇಷ್ಟ್ರು ಹಿಡಿದದ್ದು ಅದರ ಮೇಲಿದ್ದ ಗ್ರಂಥಾಲಯದ ಮುದ್ರೆ ಸರಿಹೊಂದದ್ದರಿಂದ. ಬೀದರದಲ್ಲಿ ಮುದ್ರೆ ಅಸಲಿ, ಪತ್ರ ನಕಲಿ. ಇಲ್ಲಿ ಎರಡೂ ನಕಲಿ. ವೈಲ್ಡಿಂಗ್ ಪೊಲೀಸನಲ್ಲ, ಸರಿಯಾಗಿ ನೋಡುವ ಅಭ್ಯಾಸವಿದ್ದವನು.

ಹೊರಗಿನ ಕಳ್ಳರೂ ಇಲ್ಲದಿಲ್ಲ. ಅಮೆರಿಕದ ಸ್ಟೀಫನ್ ಬ್ಲೂಮ್‌ಬರ್ಗ್ 1990ರಲ್ಲಿ ಸಿಕ್ಕಿಬಿದ್ದಾಗ ಅವನ ಮನೆಯಲ್ಲಿ ಇನ್ನೂರ ಅರವತ್ತಕ್ಕೂ ಹೆಚ್ಚು ಗ್ರಂಥಾಲಯಗಳ ಇಪ್ಪತ್ತಮೂರು ಸಾವಿರಕ್ಕೂ ಮೀರಿ ಪುಸ್ತಕಗಳಿದ್ದವು. ಅಂಟಿಸಿದ ಚೀಟಿಗಳನ್ನು ನಾಲಿಗೆಯಿಂದ ನೆನೆಸಿ ಕೀಳುತ್ತಿದ್ದನಂತೆ. ಮಾರಲು ಕದ್ದವನಲ್ಲ, ಇಟ್ಟುಕೊಳ್ಳಲು ಕದ್ದವನು. ಅವನ ಬಗ್ಗೆ ಇಷ್ಟು ಸಾಕು, ಏಕೆಂದರೆ ಇದಕ್ಕಿಂತ ತೊಡಕಿನ ಕಳ್ಳತನವೊಂದು ಕರ್ನಾಟಕದಲ್ಲೇ ನಡೆದಿದೆ. ನನ್ನ ಕಾದಂಬರಿಯ ಕಥಾವಸ್ತುವನ್ನು ಅಲ್ಲಿಂದಲೇ ಕಡ ತರುವವನಿದ್ದೇನೆ.

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಷಟ್‌ಖಂಡಾಗಮ ಮತ್ತು ಅದರ ಧವಲಾ ಟೀಕೆಯ ಓಲೆಗರಿಗಳಿದ್ದವು. ದಿಗಂಬರ ಜೈನರಿಗೆ ಅದಕ್ಕಿಂತ ಪೂಜ್ಯವಾದ ಗ್ರಂಥವಿಲ್ಲ. ವೀರಸೇನಾಚಾರ್ಯರು ಒಂಬತ್ತನೇ ಶತಮಾನದಲ್ಲಿ ಬರೆದ ಆ ಟೀಕೆ ಬೇರೆಲ್ಲೂ ಉಳಿದಿರಲಿಲ್ಲ. ಉಳಿದದ್ದು ಇಲ್ಲೇ, ಹಳಗನ್ನಡ ಲಿಪಿಯಲ್ಲಿ. ದೂರದಿಂದ ಬಂದ ಭಕ್ತರಿಗೆ ದರ್ಶನವಿತ್ತು, ಓದಲು ಅವಕಾಶವಿರಲಿಲ್ಲ. ಗರಿ ಪುಡಿಯಾಗುತ್ತಿದೆ, ಪ್ರತಿ ಮಾಡಿಸಬೇಕು ಎಂಬ ಒತ್ತಾಯ ಬಂದ ಮೇಲೆ ಹತ್ತೊಂಬತ್ತನೇ ಶತಮಾನದ ಕೊನೆಗೆ ಕೆಲಸ ಶುರುವಾಯಿತು. ಬ್ರಹ್ಮಸೂರಿ ಶಾಸ್ತ್ರಿ, ಗಜಪತಿ ಉಪಾಧ್ಯಾಯ ಎಂಬ ಇಬ್ಬರು ಪಂಡಿತರು ನಾಗರಿ ಲಿಪಿಯಲ್ಲಿ ಬರೆಯತೊಡಗಿದರು. ಷರತ್ತು ಒಂದೇ: ಬರೆದ ಪ್ರತಿಯೂ ಬಸದಿ ಬಿಟ್ಟು ಹೊರಗೆ ಹೋಗಕೂಡದು.

ಗಜಪತಿ ಉಪಾಧ್ಯಾಯರು ಹಗಲೆಲ್ಲ ಬಸದಿಗಾಗಿ ನಾಗರಿಯಲ್ಲಿ ಬರೆದರು. ಅದರ ಜೊತೆಗೇ, ಯಾರಿಗೂ ತಿಳಿಯದಂತೆ, ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಬೆಳೆಯಿತು. ಅದಕ್ಕೆ ಕೈಜೋಡಿಸಿದವರು ಹೆಂಡತಿ ಲಕ್ಷ್ಮೀಬಾಯಿ. ಯಾವ ಕಾದಂಬರಿಯ ಪತ್ತೇದಾರನೂ ಮೊದಲ ಅಧ್ಯಾಯದಲ್ಲೇ ಈ ಮನೆಯ ಬಾಗಿಲು ತಟ್ಟಬೇಕಿತ್ತು. ಎಣ್ಣೆಯ ಖರ್ಚು ಏಕೆ ಹೆಚ್ಚಾಯಿತು, ಅಡುಗೆಮನೆಯವರ ಬೆರಳಿಗೆ ಶಾಯಿ ಏಕೆ ಹತ್ತಿದೆ ಎಂದು ನೆರೆಮನೆಯ ಅತ್ತೆಯೊಬ್ಬರು ಕೇಳಿದ್ದರೆ ಸಾಕಿತ್ತು.

ಪ್ರತಿ ಮುಗಿದ ಮೇಲೆ ಕೊಳ್ಳುವವರನ್ನು ಹುಡುಕಿಕೊಂಡು ಉಪಾಧ್ಯಾಯರು ಹೊರಟರು. ಸೊಲ್ಲಾಪುರ, ಮುಂಬೈಗಳ ದೊಡ್ಡ ಶೇಠ್‌ಗಳು ಗುಟ್ಟಾಗಿ ಮಾಡಿದ ಪ್ರತಿ ಬೇಡವೆಂದರು. ಉತ್ತರದ ಸಹಾರನ್‌ಪುರದ ಲಾಲಾ ಜಂಬೂಪ್ರಸಾದರು ಕೊಂಡು ತಮ್ಮ ಮಂದಿರದಲ್ಲಿ ಇಟ್ಟರು. ಅವರೂ ಹಾಕಿದ್ದು ಅದೇ ಷರತ್ತು: ಹೊರಗೆ ಹೋಗಕೂಡದು! ಅಲ್ಲಿ ಕನ್ನಡ ಲಿಪಿ ಓದುವವರಿಲ್ಲವಾದ್ದರಿಂದ ಒಬ್ಬ ಪಂಡಿತರು ಓದಿ ಹೇಳುವುದು, ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆಯುವುದು ಎಂದಾಯಿತು. ಶಾಸ್ತ್ರಿಗಳು ತಮಗೂ ಒಂದು ಪ್ರತಿ ಬರೆದಿಟ್ಟುಕೊಂಡರು. ಗುಟ್ಟಿನ ಪ್ರತಿಯಿಂದ ಇನ್ನೊಂದು ಗುಟ್ಟಿನ ಪ್ರತಿ. ಅದರಿಂದ ಆರಾ, ಕಾರಂಜಾ ಮುಂತಾದ ಊರುಗಳಿಗೆ ಪ್ರತಿಗಳು ಹರಡಿದವು.

ಇದನ್ನು ಕಳ್ಳತನ ಎನ್ನಬೇಕೇ? ಒಂದು ಗರಿಯೂ ಅಲುಗಲಿಲ್ಲ. ಆದರೆ ಕೊಟ್ಟ ಮಾತು ಮುರಿಯಿತು, ಹಣವೂ ಕೈ ಬದಲಾಯಿಸಿತು. ಕಾಯುತ್ತಿದ್ದವರನ್ನು ಮೂಢರು ಎಂದು ನಗುವುದೂ ಸುಲಭ. ನೂರಾರು ವರ್ಷ ಆ ಗರಿಗಳನ್ನು ಹುಳುವಿಗೂ ಬೆಂಕಿಗೂ ಕೊಡದೆ ಉಳಿಸಿದ್ದು ಅದೇ ಬಿಗಿಮುಷ್ಟಿ ಎಂಬುದು ಮರೆಯುವ ಸಂಗತಿಯಲ್ಲ. ಗವಾನನ ಭಂಡಾರಕ್ಕೆ ಆ ಭಾಗ್ಯವಿರಲಿಲ್ಲ. ಇಷ್ಟೆಲ್ಲ ಒಪ್ಪಿಕೊಂಡೂ ನನ್ನ ಒಲವು ಲಕ್ಷ್ಮೀಬಾಯಿಯ ಕಡೆಗೇ. ಕಾಕಾನಿಗೂ ಇಲ್ಲೇ ತೊಡಕು ಬರಬೇಕು. ಪುಸ್ತಕ ಕದ್ದವರು ಯಾರೆಂದು ಅವನಿಗೆ ನೂರನೇ ಪುಟದಲ್ಲೇ ಗೊತ್ತಾಗುತ್ತದೆ. ಉಳಿದ ನೂರು ಪುಟ, ಅದನ್ನು ಕಟ್ಟೆಯ ಮೇಲೆ ಬಾಯಿಬಿಟ್ಟು ಹೇಳಬೇಕೋ ಬೇಡವೋ ಎಂಬುದರ ಮೇಲೆ.

ಮೂಡುಬಿದಿರೆಯ ಪ್ರಕರಣ ಮಾತ್ರ ಯಾವ ಕಾದಂಬರಿಕಾರನಿಗೂ ಹೊಳೆಯದ ಹಾಗೆ ಮುಗಿಯಿತು. ಹೀಗೆ ಹರಡಿದ ಪ್ರತಿಗಳನ್ನೇ ಆಧಾರವಾಗಿಟ್ಟುಕೊಂಡು ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟ ಅಚ್ಚು ಹಾಕಿಸಿದರು. ಪ್ರತಿಯಿಂದ ಪ್ರತಿಗೆ ಇಳಿಯುತ್ತ ಸಾಲುಗಳು ಬಿಟ್ಟುಹೋಗಿದ್ದವು, ತಪ್ಪುಗಳು ಸೇರಿದ್ದವು. ಪ್ರತಿ ಹೊರಬಂದ ಬಗೆಯನ್ನೂ ಅವರು ಮುಚ್ಚಿಡದೆ ಪೀಠಿಕೆಯಲ್ಲಿ ಬರೆದರು. ಆಮೇಲಿನ ಸಂಪುಟಗಳ ಹೊತ್ತಿಗೆ ಮೂಡುಬಿದಿರೆಯವರೇ ಭಂಡಾರದ ಬಾಗಿಲು ತೆರೆದು, ಅಚ್ಚಾಗುತ್ತಿದ್ದ ಪಾಠವನ್ನು ಮೂಲ ಗರಿಗಳೊಂದಿಗೆ ಹೋಲಿಸಿ ತಿದ್ದಲು ಅವಕಾಶ ಕೊಟ್ಟರು.