ಆಟದ ಬಂಡಿ: ಅದರ ಅಳತೆ, ಅದರ ಆಯುಸ್ಸು

ಮಕ್ಕಳು ದಾರ ಕಟ್ಟಿ ಎಳೆದಾಡುವ ಬಂಡಿಯ ವಿಷಯವಾಗಿ ದೊಡ್ಡವರು ಕಾಲು ಗಂಟೆಯ ಹೊತ್ತು ಯೋಚಿಸುವುದು ಉಚಿತವೆ ಎಂದು ಕೆಲವರು ಕೇಳಬಹುದು. ಉಚಿತವೆಂದೇ ನಮ್ಮ ಭಾವನೆ. ಆಟದ ಬಂಡಿಯು ನಮ್ಮ ದೇಶದಲ್ಲಿ ಬಹು ಪುರಾತನವಾದ ವಸ್ತು. ಹರಪ್ಪ, ಮೊಹೆಂಜೊದಾರೊ ಮೊದಲಾದ ಎಡೆಗಳಲ್ಲಿ ನೆಲವನ್ನು ಅಗೆದು ಶೋಧಿಸಿದವರಿಗೆ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳೂ ಗಾಲಿಗಳೂ ದೊರೆತಿವೆ. ಅವುಗಳ ವಯಸ್ಸು 4000 ವರ್ಷಗಳಿಗೂ ಮಿಕ್ಕಿದ್ದು. ಶೂದ್ರಕನ ‘ಮೃಚ್ಛಕಟಿಕ’ವೆಂಬ ನಾಟಕಕ್ಕೆ ಹೆಸರು ಬಂದುದೂ ಒಂದು ಮಣ್ಣಿನ ಬಂಡಿಯಿಂದಲೇ. ಬಡವನಾದ ಚಾರುದತ್ತನ ಮಗನು ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿ ಬಂದು, ದಾಸಿಯು ಮಾಡಿಕೊಟ್ಟ ಮಣ್ಣಿನ ಬಂಡಿ ತನಗೆ ಬೇಡವೆಂದು ಅಳುತ್ತಾನೆ. ವಸಂತಸೇನೆಯು ತನ್ನ ಒಡವೆಗಳನ್ನೇ ಕಳಚಿ ಅದರಲ್ಲಿ ತುಂಬುತ್ತಾಳೆ. ನೆರೆಯವನ ಬಂಡಿ ಹೊಳೆಯುವಾಗ ನಮ್ಮ ಬಂಡಿ ಮಕ್ಕಳಿಗೆ ಹಿಡಿಸದಂತಾಗುವುದು ಹೊಸ ಸಂಗತಿಯೇನಲ್ಲ.

ಆಟದ ಬಂಡಿಯನ್ನು ಮಾಡುವ ವಿದ್ಯೆಯು ಯಾವುದರಿಂದ ಬಾಳುತ್ತದೆ, ಯಾವುದರಿಂದ ಅಳಿಯುತ್ತದೆ ಎಂಬುದೇ ಇಲ್ಲಿ ನಮ್ಮ ಪ್ರಶ್ನೆ. ಇದನ್ನು ತಿಳಿಯುವುದಕ್ಕಾಗಿ ಮೂರು ಊರುಗಳನ್ನು ನೋಡೋಣ: ಕೃಷ್ಣೆಯ ದಡದ ಕೊಲ್ಹಾರ, ಜರ್ಮನಿಯ ಗೊಪ್ಪಿಂಗೆನ್, ನಮ್ಮ ಚನ್ನಪಟ್ಟಣ.

ಕೊಲ್ಹಾರವು ವಿಜಯಪುರ ಜಿಲ್ಲೆಯಲ್ಲಿ, ಕೃಷ್ಣಾನದಿಯ ಬಡಗಣ ದಡದಲ್ಲಿರುವ ಊರು. ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟುವ ಅಲ್ಲಿನ ಗಟ್ಟಿ ಮೊಸರಿನ ಹೆಸರನ್ನು ಆ ದಾರಿಯಲ್ಲಿ ಪ್ರಯಾಣ ಮಾಡಿದವರು ಮರೆಯಲಾರರು. ಸುತ್ತಲಿನದು ಎರೆಯ ಸೀಮೆ, ಜೋಳದ ಸೀಮೆ. ಅಲ್ಲಿ ಆಟದ ಬಂಡಿಗೆ ಅಂಗಡಿಯಿಲ್ಲ, ಕಾರ್ಖಾನೆಯಿಲ್ಲ, ಹೊಲವೇ ಕಾರ್ಖಾನೆ. ಜೋಳದ ಸುಗ್ಗಿ ಮುಗಿದ ಮೇಲೆ ಹುಡುಗರು ಒಣಗಿದ ದಂಟನ್ನು ತಂದು, ಮೇಲಿನ ಗಟ್ಟಿ ಸಿಪ್ಪೆಯನ್ನು ಸೀಳಿ ಸಿಬಿರು ತೆಗೆಯುತ್ತಾರೆ; ಒಳಗೆ ಉಳಿಯುವುದು ಹಗುರವಾದ ಬೆಂಡು. ಸಿಬಿರಿನ ಮೊನೆಯನ್ನು ಬೆಂಡಿನಲ್ಲಿ ಚುಚ್ಚಿದರೆ ಅದು ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಮೊಳೆ ಬೇಡ, ಅಂಟು ಬೇಡ. ಈ ಎರಡೇ ಪದಾರ್ಥಗಳಿಂದ ಗಾಲಿ, ಅಚ್ಚು, ಮೂಕಿ, ನೊಗಗಳುಳ್ಳ ಚಕ್ಕಡಿ ಸಿದ್ಧವಾಗುತ್ತದೆ. ಇನ್ನು ಎತ್ತುಗಳು ಬೇಕಷ್ಟೆ. ಜ್ಯೇಷ್ಠಮಾಸದ ಹುಣ್ಣಿಮೆಯು ಆ ಸೀಮೆಯಲ್ಲಿ ಕಾರಹುಣ್ಣಿಮೆ. ಅಂದು ಮೈತೊಳೆದು ಸಿಂಗರಿಸಿಕೊಳ್ಳುವುದು ಜೀವಂತ ಎತ್ತು. ಅದಾದ ಹದಿನೈದು ದಿನಕ್ಕೆ ಬರುವುದು ಮಣ್ಣೆತ್ತಿನ ಅಮಾವಾಸ್ಯೆ. ಅಂದು ಪೂಜೆಗೊಳ್ಳುವುದು ಮಣ್ಣಿನ ಎತ್ತು. ಹಿರಿಯರಿಗೆ ಅದು ಪೂಜೆಯ ವಸ್ತು, ಮಕ್ಕಳಿಗೆ ಆಟದ ವಸ್ತು. ಇವೆರಡಕ್ಕೂ ನಡುವೆ ಗೆರೆಯನ್ನು ಎಳೆಯುವ ಪದ್ಧತಿ ಅಲ್ಲಿಲ್ಲ.

ಈ ಬಂಡಿಯ ಆಯುಸ್ಸು ಬಹು ಸ್ವಲ್ಪ. ಒಂದು ಮಳೆಗೆ ಎತ್ತು ಕರಗುತ್ತದೆ. ದಂಟು ಮುರಿಯುತ್ತದೆ, ಇಲ್ಲವೆ ದನದ ಬಾಯಿಗೆ ಹೋಗುತ್ತದೆ. ಆದರೆ ಬಂಡಿಯು ಹಾಳಾದರೂ ಬಂಡಿಯನ್ನು ಮಾಡುವ ವಿದ್ಯೆ ಹಾಳಾಗುವುದಿಲ್ಲ. ಏಕೆಂದರೆ ಆಡುವವನೂ ಮಾಡುವವನೂ ಒಬ್ಬನೇ. ಮುಂದಿನ ವರ್ಷ ಮತ್ತೆ ದಂಟುಂಟು, ಮತ್ತೆ ಮಣ್ಣುಂಟು. ಇಲ್ಲಿ ಅಳತೆಯೆಂಬುದು ಹುಡುಗನ ಗೇಣು, ಬೆರಳು. ಒಬ್ಬನ ಗಾಲಿ ಇನ್ನೊಬ್ಬನ ಅಚ್ಚಿಗೆ ಕೂಡುವುದಿಲ್ಲ. ಕೂಡಬೇಕಾದ ಅವಶ್ಯಕತೆಯೂ ಇಲ್ಲ.

ಬಂಡಿಯನ್ನು ಮಾಡುವವನೊಬ್ಬ, ಕೊಳ್ಳುವವನೊಬ್ಬನಾದಾಗ ಮಾತ್ರ ಅಳತೆಯ ಪ್ರಶ್ನೆ ಏಳುತ್ತದೆ. ಇದನ್ನು ವಿಜಯಪುರದ ಹಿರಿಯರಿಗೆ ಬಿಡಿಸಿ ಹೇಳಬೇಕಾದುದಿಲ್ಲ. 1884ರಲ್ಲಿ ಹೊಟಗಿಯಿಂದ ಗದಗಿಗೆ ಹಾಕಿದ ರೈಲುದಾರಿಯು ಮೀಟರ್ ಗೇಜಿನದು. ಹೊಟಗಿಯ ಮೇಲೆ ಹಾಯುವ ಮುಂಬಯಿಯ ದಾರಿಯು ಬ್ರಾಡ್ ಗೇಜಿನದು. ಹಳಿಗಳ ನಡುವಣ ಅಂತರ ಬೇರೆಯಾದುದರಿಂದ ಒಂದರ ಗಾಡಿ ಇನ್ನೊಂದರ ಮೇಲೆ ಓಡಲಾರದು. ಹೀಗಾಗಿ ಅನೇಕ ದಶಕಗಳ ಕಾಲ ಪ್ರಯಾಣಿಕರು ಗಂಟುಮೂಟೆ ಹೊತ್ತು ಹೊಟಗಿಯಲ್ಲಿ ಗಾಡಿಯನ್ನು ಬದಲಾಯಿಸಬೇಕಾಗಿತ್ತು. ನಿಜವಾದ ಬಂಡಿಯ ಈ ತೊಡಕೇ ಆಟದ ಬಂಡಿಗೂ ಉಂಟು. ಅದನ್ನು ಬಗೆಹರಿಸಿ ಹೆಸರಾದ ಮನೆತನವು ಗೊಪ್ಪಿಂಗೆನ್ ಪಟ್ಟಣದ ಮೆರ್ಕ್ಲಿನ್ ಮನೆತನ.

ಗೊಪ್ಪಿಂಗೆನ್ ಇರುವುದು ವುರ್ಟೆಂಬರ್ಗ್ ಸೀಮೆಯಲ್ಲಿ. ಆ ಕಾಲಕ್ಕೆ ಅದು ತನ್ನದೇ ಅರಸನನ್ನುಳ್ಳ ರಾಜ್ಯ. 1859ರಲ್ಲಿ ಥಿಯೋಡೋರ್ ಫ್ರೀಡ್ರಿಕ್ ವಿಲ್ಹೆಲ್ಮ್ ಮೆರ್ಕ್ಲಿನ್ ಎಂಬ ತಗಡಿನ ಕೆಲಸಗಾರನು ಅಲ್ಲಿ ಬೊಂಬೆಮನೆಯ ಅಡಿಗೆಯ ಪಾತ್ರೆಪದಾರ್ಥಗಳನ್ನು ಮಾಡತೊಡಗಿದನು. ಅವನ ಪತ್ನಿ ಕರೋಲಿನಳು ಊರೂರು ಸಂಚರಿಸಿ ಅವುಗಳಿಗೆ ಗಿರಾಕಿಗಳನ್ನು ಹುಡುಕುತ್ತಿದ್ದಳು. ಹೆಂಗಸರು ವ್ಯಾಪಾರಕ್ಕೆಂದು ಒಬ್ಬರೇ ಸಂಚರಿಸುವುದು ಅಪರೂಪವಾಗಿದ್ದ ಕಾಲವದು. 1866ರಲ್ಲಿ ಗಂಡನು ತೀರಿಕೊಂಡನು. ಆಕೆಯು ಕೈಚೆಲ್ಲದೆ ಅಂಗಡಿಯನ್ನು ಕಾಪಾಡಿಕೊಂಡು ಬಂದಳು. 1888ರಲ್ಲಿ ಮಕ್ಕಳು ವ್ಯವಹಾರವನ್ನು ವಹಿಸಿಕೊಂಡರು. 1891ರಲ್ಲಿ ಎಲ್ವಾಂಗೆನ್ ಊರಿನ ಲುಟ್ಜ್ ಎಂಬುವನ ಆಟಿಗೆಯ ಕಾರ್ಖಾನೆಯನ್ನು ಕೊಂಡುಕೊಂಡರು.

ಅದೇ 1891ರಲ್ಲಿ ಲೀಪ್‌ಜಿಗ್ ನಗರದ ವಸಂತದ ಜಾತ್ರೆಗೆ ಅವರು ಒಂದು ಆಟದ ರೈಲನ್ನು ತಂದರು. ಕೀಲಿ ಕೊಟ್ಟರೆ ಓಡುವ ರೈಲುಗಳು ಅದಕ್ಕೆ ಹಿಂದೆಯೂ ಇದ್ದುವು. ಹೊಸದೇನೆಂದರೆ, ಹಳಿಗಳು ತುಂಡುತುಂಡಾಗಿ ಒಂದಕ್ಕೊಂದು ಜೋಡಣೆಯಾಗುತ್ತಿದ್ದುವು. ಹಳಿಗಳ ನಡುವಣ ಅಂತರಕ್ಕೆ ನಿಶ್ಚಿತವಾದ ಅಳತೆಗಳಿದ್ದು, ಪ್ರತಿಯೊಂದು ಅಳತೆಗೂ ಒಂದು ಸಂಖ್ಯೆಯಿತ್ತು. ಒಂದನೆಯ ಸಂಖ್ಯೆಯ ಗೇಜು 45 ಮಿಲಿಮೀಟರಿನದು. ಈ ವರ್ಷ ಒಂದು ಎಂಜಿನ್ನನ್ನೂ ವರ್ತುಲವಾದ ಹಳಿಯನ್ನೂ ಕೊಂಡ ಮನೆಯವರು ಬರುವ ವರ್ಷ ಒಂದು ಕವಲುಹಳಿಯನ್ನು, ಅದರಾಚೆಯ ವರ್ಷ ಒಂದು ನಿಲ್ದಾಣವನ್ನು ಕೊಂಡು ಸೇರಿಸಬಹುದಾಗಿತ್ತು. ಬೊಂಬೆಮನೆಗೆ ಇಂದೊಂದು ತಪ್ಪಲೆ, ನಾಳೆಯೊಂದು ಒಲೆ ಎಂದು ಕೂಡಿಸುತ್ತ ಹೋಗುವ ಕ್ರಮವೇ ರೈಲಿಗೂ ಬಂದಿತು. ಆ ಮೇಲೆ ಅಳತೆಗಳು ಚಿಕ್ಕವಾಗುತ್ತ ಹೋದುವು. 1935ರಲ್ಲಿ ಮೇಜಿನ ಮೇಲೆ ಓಡುವ ವಿದ್ಯುತ್ತಿನ ರೈಲನ್ನು ಈ ಮನೆತನ ಹೊರತಂದಿತು. ಮುಂದೆ ರೂಢಿಗೆ ಬಂದ ಪ್ರಮಾಣದಂತೆ ಅದು ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು, ಹಳಿಯ ಅಂತರ 16.5 ಮಿಲಿಮೀಟರ್. 1972ರಲ್ಲಿ 220ರಲ್ಲಿ ಒಂದು ಪಾಲಿನ, 6.5 ಮಿಲಿಮೀಟರ್ ಹಳಿಯ ರೈಲು ಬಂದಿತು. ಅದರ ಎಂಜಿನ್ನು ಅಂಗೈಯಲ್ಲಿ ಅಡಗುವಷ್ಟು ಪುಟ್ಟದು.

ಜರ್ಮನಿಯ ಎಲ್ಲ ಆಟಿಗೆಯ ಕಾರ್ಖಾನೆಗಳೂ ಹೀಗೆ ಬಾಳಲಿಲ್ಲ. ನ್ಯೂರೆಂಬರ್ಗಿನ ಬಿಂಗ್ ಸಂಸ್ಥೆಯು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಲೋಕದಲ್ಲೇ ಅತಿ ದೊಡ್ಡ ಆಟಿಗೆಯ ಸಂಸ್ಥೆಯೆಂದು ಹೆಸರಾಗಿತ್ತು. ಲೋಕವ್ಯಾಪಿಯಾದ ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, 1932ರಲ್ಲಿ, ಮುಚ್ಚಿಹೋಯಿತು. ಅದೇ ಊರಿನಲ್ಲಿ 1912ರಲ್ಲಿ ಹುಟ್ಟಿದ ಶುಕೊ ಸಂಸ್ಥೆಯು ಮೇಜಿನ ಅಂಚಿಗೆ ಬಂದೊಡನೆ ಬೀಳದೆ ತಾನೇ ತಿರುಗಿಕೊಳ್ಳುವ ಮೋಟಾರನ್ನು 1936ರಲ್ಲಿ ಮಾಡಿ ಮಕ್ಕಳನ್ನು ಬೆರಗುಗೊಳಿಸಿತು. 1976ರಲ್ಲಿ ಅದೂ ದಿವಾಳಿಯಾಯಿತು. ಹಾಗೆಂದು ಮೆರ್ಕ್ಲಿನ್ನರಿಗೆ ಕಷ್ಟ ಬರಲಿಲ್ಲವೆಂದಲ್ಲ. 2006ರಲ್ಲಿ ಸಂಸ್ಥೆಯು ಮನೆತನದ ಕೈಬಿಟ್ಟು ಹಣ ಹೂಡುವವರ ಪಾಲಾಯಿತು. 2009ರ ಫೆಬ್ರವರಿಯಲ್ಲಿ, ನೂರೈವತ್ತನೆಯ ವರ್ಷದ ಉತ್ಸವ ನಡೆಯಬೇಕಾಗಿದ್ದ ಹೊತ್ತಿನಲ್ಲಿ, ಸಾಲ ತೀರಿಸಲಾರೆವೆಂದು ನ್ಯಾಯಸ್ಥಾನದ ಮುಂದೆ ನಿಲ್ಲಬೇಕಾಯಿತು. ಆದರೂ ಕಾರ್ಖಾನೆ ಮುಚ್ಚಲಿಲ್ಲ. ಅದು ಚೇತರಿಸಿಕೊಂಡು, 2013ರಲ್ಲಿ ಸಿಂಬಾ-ಡಿಕ್ಕಿ ಎಂಬ ಆಟಿಗೆಯ ಸಂಸ್ಥೆಯ ಒಡೆಯರಾದ ಸೀಬರ್ ಮನೆತನದವರ ಕೈಸೇರಿತು. ಅದು ಉಳಿದುದಕ್ಕೆ ಕಾರಣಗಳು ಹಲವಿರಬಹುದು. ನಮಗೆ ಮುಖ್ಯವೆಂದು ತೋರುವುದು ಇದು: ತಂದೆಯ ಹಳಿಗೆ ಹೊಂದುವ ಇನ್ನೊಂದು ಗಾಡಿಯನ್ನು ಕಾಯುತ್ತಿದ್ದ ಜನರು ಸಾವಿರಾರು ಮನೆಗಳಲ್ಲಿದ್ದರು. ಒಂದು ಸಾಮಾನನ್ನು ಮಾರಿ ಮುಗಿಸಿದ ಅಂಗಡಿಗೆ ಅಂತಹ ಗಿರಾಕಿಗಳಿರುವುದಿಲ್ಲ. ಆದರೆ ಇದರಲ್ಲಿಯೂ ಒಂದು ಕುಂದುಂಟು. ಹೀಗೆ ಕಾಯುವವರಲ್ಲಿ ಬಹುಮಂದಿ ಈಗ ತಲೆನರೆತವರು. ಹುಡುಗರ ಕೈಯಿಂದ ಹಿರಿಯರ ಗಾಜಿನ ಬೀರುವಿಗೆ ಹೋದ ಆಟಿಗೆಗೆ ಬೆಲೆ ಹೆಚ್ಚುತ್ತದೆ, ಆಡುವವರು ಕಡಮೆಯಾಗುತ್ತಾರೆ.

ಇನ್ನು ಚನ್ನಪಟ್ಟಣಕ್ಕೆ ಬರೋಣ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿರುವ ಈ ಪಟ್ಟಣವು ಮೊದಲಿನಿಂದಲೂ ಕಸುಬುದಾರರ ಊರು. ಟಿಪ್ಪು ಸುಲ್ತಾನನು ಪಾರಸಿಯಿಂದ ಕುಶಲಕರ್ಮಿಗಳನ್ನು ಕರೆಸಿ ಅರಗಿನ ಕೆಲಸವನ್ನು ಕಲಿಸಿದನೆಂಬುದು ಊರಿನವರ ನಂಬಿಕೆ. ಮುಂದೆ ಬಾವಾಸ್ ಮಿಯಾ ಎಂಬುವರು ಜಪಾನಿನ ಕ್ರಮಗಳನ್ನು ತಂದು ಈ ಕಸುಬನ್ನು ತಿದ್ದಿದರೆಂದು ಅಲ್ಲಿನವರು ಗೌರವದಿಂದ ನೆನೆಯುತ್ತಾರೆ.

ಕೆಲಸದ ಕ್ರಮವನ್ನು ತಿಳಿಯತಕ್ಕದ್ದು ಅವಶ್ಯಕ. ಆಲೆಮರವೆಂಬ ಬಿಳುಪಾದ, ನುಣುಪಾದ ಮರವನ್ನು ಕಡಿದು ತಿಂಗಳುಗಟ್ಟಲೆ ಒಣಗಿಸುತ್ತಾರೆ. ಅದರ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿಯಿಂದ ಕಡೆಯುತ್ತಾರೆ. ರೂಪ ಬಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಕೊನೆಗೆ ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಕುಂಚವಿಲ್ಲ, ಒಣಗುವ ತನಕ ಕಾಯುವುದೂ ಇಲ್ಲ. ಅರಿಸಿನ, ನೀಲಿ ಮೊದಲಾದ ಗಿಡಮೂಲದ ಬಣ್ಣಗಳನ್ನು ಬಳಸಿದ ಆಟಿಗೆಯನ್ನು ಕೂಸು ಬಾಯಿಗಿಟ್ಟರೂ ತಾಯಿಯು ಹೆದರಬೇಕಾದುದಿಲ್ಲ. ತಿರುಗಿಸಿ ಕಡೆಯುವ ಯಂತ್ರದಿಂದ ಹುಟ್ಟುವುದೆಲ್ಲವೂ ದುಂಡಗಿನ ರೂಪವಾದುದರಿಂದ, ಗಾಲಿಯು ಅದರ ಸಹಜವಾದ ಸಂತಾನ. ಆದ್ದರಿಂದಲೇ ಎಳೆಯುವ ಬಂಡಿ, ಮರದ ರೈಲು, ಪುಟ್ಟ ಮೋಟಾರು ಇವು ಚನ್ನಪಟ್ಟಣಕ್ಕೆ ಅಷ್ಟು ಚೆನ್ನಾಗಿ ಒಪ್ಪುತ್ತವೆ.

ಇಷ್ಟು ಗುಣಗಳಿದ್ದೂ ಈ ಕಸುಬು ಬಹಳ ಏರಿಳಿತಗಳನ್ನು ಕಂಡಿತು. ಚೀನಾದಿಂದ ಅಗ್ಗವಾದ ಪ್ಲಾಸ್ಟಿಕ್ಕಿನ ಆಟಿಗೆಗಳು ಬಂದು ತುಂಬಿದಾಗ, ಚಾರುದತ್ತನ ಮಗನಂತೆ ನಮ್ಮ ಮಕ್ಕಳೂ ನೆರೆಯವನ ಹೊಳಪಿಗೆ ಕೈಚಾಚಿದರು. ಅನೇಕ ಕುಶಲಕರ್ಮಿಗಳು ಲೇತನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋದರು. ರಕ್ಷಣೆಗೆಂದು ಕೆಲವು ಏರ್ಪಾಡುಗಳಾದುವು. 2005-06ರಲ್ಲಿ ಚನ್ನಪಟ್ಟಣದ ಆಟಿಗೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೇರೆ ಊರಿನವರು ಆ ಹೆಸರನ್ನು ಬಳಸುವಂತಿಲ್ಲ. 2020ರ ಫೆಬ್ರವರಿಯಲ್ಲಿ ಹೊರನಾಡಿನ ಆಟಿಗೆಗಳ ಮೇಲಿನ ಸುಂಕವು ನೂರಕ್ಕೆ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಗೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ಭೌಗೋಳಿಕ ಗುರುತುಳ್ಳ ಕೈಕಸುಬಿನ ಆಟಿಗೆಗಳಿಗೆ ಅದರಿಂದ ವಿನಾಯಿತಿ ಕೊಟ್ಟರು. ಇವೆಲ್ಲ ಒಳ್ಳೆಯ ಏರ್ಪಾಡುಗಳೇ. ಆದರೆ ಸುಂಕವೆಂಬುದು ಬೇಲಿ. ಬೇಲಿಯು ಬೆಳೆಯನ್ನು ಕಾಯಬಲ್ಲುದೇ ಹೊರತು ಬೆಳೆಸಲಾರದು.

ಗೊಪ್ಪಿಂಗೆನ್ನಿನಿಂದ ಚನ್ನಪಟ್ಟಣವು ಕಲಿಯಬಹುದಾದ ಒಂದು ಪಾಠವುಂಟೆಂದು ನಮಗೆ ತೋರುತ್ತದೆ. ಅದು ವಿದ್ಯುತ್ತಿನ ಯಂತ್ರವೂ ಅಲ್ಲ, ಲೋಹದ ಎರಕವೂ ಅಲ್ಲ, ಅಳತೆ. ಸಾಮಾನ್ಯವಾಗಿ ನಮ್ಮ ಮರದ ಬಂಡಿಯು ತನ್ನಷ್ಟಕ್ಕೆ ತಾನು ಪೂರ್ಣವಾದುದು. ಗಾಲಿಯೊಂದು ಕಳೆದರೆ ಹೊಂದುವ ಗಾಲಿ ಸಿಕ್ಕುವುದು ಕಷ್ಟ. ಒಂದು ಅಂಗಡಿಯ ರೈಲಿಗೆ ಇನ್ನೊಂದು ಅಂಗಡಿಯ ಡಬ್ಬಿ ಕೂಡುವುದು ಅದಕ್ಕಿಂತಲೂ ಕಷ್ಟ. ಊರಿನ ಕಸುಬುದಾರರೆಲ್ಲ ಸೇರಿ ಅಚ್ಚಿನ ದಪ್ಪ, ತೂತಿನ ಅಗಲ, ಕೊಂಡಿಯ ಎತ್ತರ ಈ ಮೂರನ್ನು ಮಾತ್ರ ಒಂದೇ ಅಳತೆಗೆ ತಂದರೆ ಸಾಕು. ಉಳಿದ ರೂಪ, ಬಣ್ಣ, ಅಲಂಕಾರಗಳು ಅವರವರ ಕೈಗುಣಕ್ಕೆ ಬಿಟ್ಟವು. ಕೈಕೆಲಸದ ಚೆಲುವು ಇರುವುದು ಒಂದು ಬಂಡಿಯು ಇನ್ನೊಂದರಂತೆ ಇಲ್ಲದಿರುವುದರಲ್ಲಿ. ಅದಕ್ಕೆ ಇದರಿಂದ ಕುಂದು ಬರಲಾರದು. ಹಾಗಾದರೆ ಇಂದು ಒಂದು ಎಂಜಿನ್ನನ್ನು ಕೊಂಡ ಮಗುವಿನ ಮನೆಯವರು ಮುಂದಿನ ದಸರೆಗೆ ಒಂದು ಡಬ್ಬಿಯನ್ನು ಕೊಳ್ಳಲು ಮತ್ತೆ ಬಂದಾರು. ಪ್ರವಾಸಿಯು ಒಮ್ಮೆ ಕೊಂಡುಹೋಗುವ ನೆನಪಿನ ಕಾಣಿಕೆಗಿಂತ ಹೀಗೆ ತಿರುಗಿ ಬರುವ ಗಿರಾಕಿಯು ಕಸುಬಿಗೆ ಗಟ್ಟಿಯಾದ ಆಧಾರ.

ಇನ್ನೊಂದು ಪಾಠವನ್ನು ಕಲಿಸುವುದು ಕೊಲ್ಹಾರ. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. 2005ರಲ್ಲಿ ಅಣೆಕಟ್ಟು ಪೂರ್ತಿಯಾಯಿತು. ಅದರ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರವು ಮುಳುಗಿ, ಜನರು ಮನೆಮಠಗಳನ್ನು ಬಿಟ್ಟು ಎತ್ತರದ ಹೊಸ ನೆಲೆಗೆ ಬರಬೇಕಾಯಿತು. ತಲೆಮಾರುಗಳಿಂದ ಮಕ್ಕಳು ಆಡಿದ ಓಣಿಗಳೆಲ್ಲ ಈಗ ನೀರಿನ ಅಡಿಯಲ್ಲಿವೆ. ಆದರೆ ಮಣ್ಣೆತ್ತಿನ ಅಮಾವಾಸ್ಯೆಗೆ ನಿಗದಿಯಾದ ಓಣಿಯೊಂದು ಬೇಕಾಗಿಲ್ಲ; ಹಿಡಿ ಮಣ್ಣು ಬೇಕು, ಮಣ್ಣನ್ನು ಎತ್ತಾಗಿ ತಿದ್ದಬಲ್ಲ ಕೈ ಬೇಕು. ದಂಟಿನ ಬಂಡಿಗೂ ಅಷ್ಟೇ. ಅಂತಹ ಸೀಮೆಯ ಮಕ್ಕಳಿಗೂ ಈಗ ಪೇಟೆಯ ಪ್ಲಾಸ್ಟಿಕ್ಕಿನ ಬಂಡಿ ಸುಲಭವಾಗಿ ದೊರೆಯುತ್ತದೆ. ಅದನ್ನು ಬೇಡವೆನ್ನುವುದು ಆಗದ ಮಾತು. ಆದರೆ ವರ್ಷದಲ್ಲಿ ಒಂದು ದಿನವಾದರೂ ಶಾಲೆಯ ಉಪಾಧ್ಯಾಯರು ಜೋಳದ ದಂಟಿನ ಕಟ್ಟೊಂದನ್ನು ತರಿಸಿ, ಸಿಬಿರು ಸೀಳುವುದನ್ನು ಬಲ್ಲ ಹಿರಿಯರೊಬ್ಬರನ್ನು ಮಕ್ಕಳ ಮುಂದೆ ಕೂಡಿಸಲಿ. ಅಂಗಡಿಯ ಬಂಡಿಗೆ ಒಳ್ಳೆಯ ಅಳತೆ ಯಾವುದು, ಒಳ್ಳೆಯ ಗಾಲಿ ಯಾವುದು ಎಂಬ ವಿವೇಕವು ತನ್ನ ಕೈಯಾರೆ ಒಂದು ಗಾಲಿಯನ್ನು ಕೂಡಿಸಿದ ಮಗುವಿಗೆ ಬರುವಂತೆ ಬೇರೆಯವರಿಗೆ ಬರಲಾರದು. ಅಂತಹ ಮಕ್ಕಳೇ ಮುಂದೆ ಚನ್ನಪಟ್ಟಣದ ಬಂಡಿಗೆ ತಕ್ಕ ಗಿರಾಕಿಗಳೂ ಆದಾರು.