ನೋವು ಬರುವ ಹೊತ್ತಿಗೆ ಹುಳುಕು ಹಳೆಯದಾಗಿರುತ್ತದೆ

ಮಕ್ಕಳ ಹಲ್ಲು ನೋವು ಹೆಚ್ಚಾಗಿ ಜೋರಾಗುವುದು ರಾತ್ರಿಯೇ. ಅಮ್ಮಿ ಲವಂಗ ಹುಡುಕುತ್ತಾರೆ, ನಾನಿ ಉಪ್ಪು ನೀರು ಬಿಸಿ ಮಾಡುತ್ತಾರೆ, ಅಬ್ಬಾ ಶ್ರೀರಾಂಪುರದ ಬೀದಿಯಲ್ಲಿ ತೆರೆದಿರುವ ಮೆಡಿಕಲ್ ಶಾಪ್ ಹುಡುಕಿಕೊಂಡು ಹೊರಡುತ್ತಾರೆ. ಬೆಳಿಗ್ಗೆ ನೋವು ಇಳಿದರೆ ಡಾಕ್ಟರ ಮಾತು ಅಲ್ಲಿಗೆ ಮುಗಿಯಿತು. ‘ಹಾಲು ಹಲ್ಲು ತಾನೆ, ಹೇಗೂ ಬೀಳುತ್ತದೆ’ ಎಂಬ ಸಮಾಧಾನ ಬೇರೆ. ಆದರೆ ರೋಗ ಆ ರಾತ್ರಿ ಶುರುವಾದದ್ದಲ್ಲ. ತಿಂಗಳುಗಳಿಂದ ಸದ್ದಿಲ್ಲದೆ ನಡೆಯುತ್ತಿತ್ತು.

ಹುಳುಕು ಹಲ್ಲು ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸಿದೆ. ಹಲ್ಲಿನಲ್ಲಿ ಯಾವ ಹುಳುವೂ ಇರುವುದಿಲ್ಲ. ಹೊಗೆ ಹಾಕಿ ಹುಳು ಉದುರಿಸುತ್ತೇವೆ ಎನ್ನುವವರದು ಬರೀ ಕೈಚಳಕ. ಅಲ್ಲಿರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಇವುಗಳಲ್ಲಿ ಮುಖ್ಯವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದನ್ನು 1924ರಲ್ಲೇ ಗುರುತಿಸಲಾಗಿತ್ತು. ಉಜ್ಜದ ಹಲ್ಲಿನ ಮೇಲೆ ಕೂರುವ ಅಂಟು ಪದರದಲ್ಲಿ ಇವು ವಾಸಿಸುತ್ತವೆ. ನಾವು ತಿಂದ ಸಕ್ಕರೆ, ಬಿಸ್ಕತ್ತು, ಬನ್ನು ಇವುಗಳಿಗೂ ಊಟ. ಅದನ್ನು ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಹಲ್ಲಿನ ಹೊರಕವಚವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿಸುತ್ತದೆ.

ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಆಮ್ಲ ಏರುತ್ತದೆ. ನಂತರ ಜೊಲ್ಲು ಅದನ್ನು ನಿಧಾನವಾಗಿ ತೊಳೆದು, ಕರಗಿದ ಖನಿಜವನ್ನು ಹಲ್ಲಿಗೆ ಮರಳಿ ತುಂಬಿಸುತ್ತದೆ. ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹಾಗಾಗಿ ಎಷ್ಟು ಸಿಹಿ ತಿಂದಿರಿ ಎಂಬುದಕ್ಕಿಂತ ಎಷ್ಟು ಸಲ ತಿಂದಿರಿ ಎಂಬುದು ಹೆಚ್ಚು ಮುಖ್ಯ. ಊಟದ ಜೊತೆ ಒಂದು ಬಟ್ಟಲು ಶೀರ್ ಖುರ್ಮಾ ಕುಡಿದವನ ಹಲ್ಲಿಗಿಂತ, ಅಂಗಡಿಯಲ್ಲಿ ಕೂತು ದಿನಕ್ಕೆ ಎಂಟು ಸಲ ಅರ್ಧರ್ಧ ಸಿಹಿ ಟೀ ಕುಡಿಯುವವನ ಹಲ್ಲು ಹೆಚ್ಚು ಅಪಾಯದಲ್ಲಿರುತ್ತದೆ.

ನಿದ್ದೆಯಲ್ಲಿ ಜೊಲ್ಲು ಸುರಿಯುವುದೇ ಕಡಿಮೆ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಗುವಿನ ಹಲ್ಲು ರಾತ್ರಿಯಿಡೀ ಆಮ್ಲದಲ್ಲಿ ನೆನೆಯುತ್ತದೆ. ಇಂಥ ಮಕ್ಕಳಲ್ಲಿ ಮೇಲಿನ ಮುಂದಿನ ಹಲ್ಲುಗಳು ಮೊದಲು ಹಾಳಾಗುತ್ತವೆ. ಕೆಳಗಿನವನ್ನು ನಾಲಿಗೆ ಮತ್ತು ಜೊಲ್ಲು ಕಾಪಾಡುತ್ತವೆ. ತಿಂಗಳಿಗೊಮ್ಮೆ ಮಗುವಿನ ಮೇಲ್ತುಟಿ ಎತ್ತಿ, ಬೆಳಕಿನಲ್ಲಿ ನೋಡಿ. ಒಸಡಿನ ಅಂಚಿನಲ್ಲಿ ಸುಣ್ಣ ಬಳಿದಂಥ ಹೊಳಪಿಲ್ಲದ ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಮೊದಲ ಗುರುತು. ಈ ಹಂತದಲ್ಲಿ ತೂತು ಬಿದ್ದಿರುವುದಿಲ್ಲ, ಬಾಟಲಿ ಬಿಡಿಸಿ ಫ್ಲೋರೈಡ್ ಲೇಪ ಹಾಕಿಸಿದರೆ ರೋಗವನ್ನು ಅಲ್ಲೇ ನಿಲ್ಲಿಸಬಹುದು. ಒಮ್ಮೆ ತೂತು ಬಿದ್ದರೆ ಹಲ್ಲು ತಾನಾಗಿ ಅದನ್ನು ಮುಚ್ಚಿಕೊಳ್ಳಲಾರದು.

ಇನ್ನೊಂದು ತಪ್ಪು ಬಹಳ ಮನೆಗಳಲ್ಲಿ ನಡೆಯುತ್ತದೆ. ಸುಮಾರು ಆರನೇ ವಯಸ್ಸಿಗೆ, ಯಾವ ಹಲ್ಲೂ ಬೀಳದೆ, ಹಾಲು ಹಲ್ಲುಗಳ ಹಿಂದೆ ಹೊಸದೊಂದು ದವಡೆ ಹಲ್ಲು ಹುಟ್ಟುತ್ತದೆ. ಅದನ್ನೂ ಹಾಲು ಹಲ್ಲೆಂದು ತಿಳಿದು ಸುಮ್ಮನಿದ್ದುಬಿಡುತ್ತೇವೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಅದರ ಆಳವಾದ ಗೆರೆಗಳನ್ನು ಸೀಲೆಂಟ್ ಎಂಬ ಪದರದಿಂದ ಮುಚ್ಚಿಸಬಹುದು, ಕೊರೆಯುವ ಅಗತ್ಯವಿಲ್ಲ.

ದಂತವೈದ್ಯರು ಹಲ್ಲನ್ನು ಗಾಳಿಯಿಂದ ಒಣಗಿಸಿ, ಕನ್ನಡಿ ಹಿಡಿದು ನೋಡುತ್ತಾರೆ. ಒದ್ದೆ ಹಲ್ಲಿನಲ್ಲಿ ಕಾಣದ ಬಿಳಿ ಚುಕ್ಕೆ ಒಣಗಿದಾಗ ಕಾಣುತ್ತದೆ. ಎರಡು ಹಲ್ಲುಗಳ ಸಂದಿಯ ಹುಳುಕು ಕಣ್ಣಿಗೆ ಸಿಗದು, ಅದಕ್ಕೆ ಚಿಕ್ಕ ಎಕ್ಸ್‌ರೇ ಬೇಕು. ಎಲ್ಲ ಕಲೆಯೂ ಹುಳುಕಲ್ಲ. ಪಾವಗಡ, ಕೋಲಾರ ಕಡೆ ಕೊಳವೆಬಾವಿ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಕಲೆ ಹೆಚ್ಚಾಗಿ ನೀರಿನ ಅತಿಯಾದ ಫ್ಲೋರೈಡಿನಿಂದ ಬಂದದ್ದು.

ಡಾಕ್ಟರು ನಿಮ್ಮನ್ನು ನೋವಿನ ಬಗ್ಗೆಯೂ ವಿವರವಾಗಿ ಕೇಳುತ್ತಾರೆ. ತಣ್ಣೀರಿಗೆ ಜುಂ ಎಂದು ತಕ್ಷಣ ಹೋದರೆ ಸಾಮಾನ್ಯವಾಗಿ ಫಿಲ್ಲಿಂಗ್ ಸಾಕು. ಬಿಸಿಗೆ ನೋವು ಎದ್ದು ಬಹಳ ಹೊತ್ತು ಉಳಿದರೆ, ನಿದ್ದೆ ಕೆಡಿಸಿದರೆ, ಒಳಗಿನ ನರದವರೆಗೆ ಹೋಗಿದೆ ಎಂದರ್ಥ. ಆಗ ರೂಟ್ ಕೆನಾಲ್ ಬೇಕಾಗುತ್ತದೆ, ಇಲ್ಲವೇ ಹಲ್ಲು ಕೀಳಬೇಕಾಗುತ್ತದೆ. ವಾರಗಟ್ಟಲೆ ಕಾಡಿದ ನೋವು ಒಂದು ದಿನ ಥಟ್ಟನೆ ನಿಂತರೆ ವಾಸಿಯಾಯಿತೆಂದು ಖುಷಿಪಡಬೇಡಿ, ನರ ಸತ್ತಿರಬಹುದು. ಬೇರಿನ ಕೆಳಗೆ ಕೀವು ಕೂಡುತ್ತಿರುತ್ತದೆ. ಕೆನ್ನೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಉಳಿದ ಹಳೆಯ ಆಂಟಿಬಯೋಟಿಕ್ ನುಂಗಿ ಕಾಯುವ ರೋಗವಲ್ಲ ಇದು.

ಖಾಸಗಿ ಕ್ಲಿನಿಕ್ಕಿನ ಖರ್ಚಿಗೆ ಹೆದರಿ ಮುಂದೂಡುವವರಿಗೆ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಶ್ರೀರಾಂಪುರದಲ್ಲಿ ಮೆಟ್ರೋ ಹತ್ತಿದರೆ ನಾಲ್ಕನೇ ನಿಲ್ದಾಣ ಕೆ.ಆರ್. ಮಾರುಕಟ್ಟೆ. ಅಲ್ಲಿ ಇಳಿದು ವಿಕ್ಟೋರಿಯಾ ಆಸ್ಪತ್ರೆಯ ಕಡೆ ನಡೆದರೆ ಕೋಟೆಯ ಹತ್ತಿರ ಸಿಗುತ್ತದೆ. ಸರದಿ ಉದ್ದ ಇರುತ್ತದೆ, ಬೆಳಿಗ್ಗೆಯೇ ಹೋಗಿ.

ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಸಲ ಉಜ್ಜುವುದು, ಅದರಲ್ಲೂ ರಾತ್ರಿ ತಪ್ಪಿಸದಿರುವುದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್ ಸಾಕು. ಉಜ್ಜಿದ ಮೇಲೆ ಉಗುಳಿದರೆ ಸಾಕು, ನೀರು ಹಾಕಿ ಬಹಳ ಮುಕ್ಕಳಿಸಿದರೆ ಫ್ಲೋರೈಡೂ ಹೊರಟುಹೋಗುತ್ತದೆ. ಏಳು ವರ್ಷದವರೆಗೆ ದೊಡ್ಡವರೇ ಉಜ್ಜಿಸಬೇಕು. ಇದ್ದಿಲು, ಇಟ್ಟಿಗೆ ಪುಡಿ ಎನಾಮೆಲನ್ನು ಸವೆಸುತ್ತವೆ. ತಂಬಾಕಿನ ಗುಲ್ ಅಂತೂ ಬೇಡವೇ ಬೇಡ.

ಮಿಸ್ವಾಕ್ ಪ್ರವಾದಿವರ್ಯರ(ಸ) ಸುನ್ನತ್. ಅದರ ನಾರು ಹಲ್ಲಿನ ಅಂಟು ಪದರವನ್ನು ಚೆನ್ನಾಗಿ ತೆಗೆಯುತ್ತದೆ. ಆದರೆ ನಾವು ಮುಂದಿನ ಹಲ್ಲುಗಳ ಮೇಲೆ ನಾಲ್ಕು ಸಲ ಆಡಿಸಿ ಜೇಬಿಗಿಟ್ಟುಕೊಳ್ಳುತ್ತೇವೆ. ದವಡೆಯ ಒಳಬದಿಗೂ ಅದನ್ನು ತಲುಪಿಸಬೇಕು, ಸವೆದ ತುದಿಯನ್ನು ಕತ್ತರಿಸುತ್ತಿರಬೇಕು. ವುಝೂವಿಗೆ ಮಿಸ್ವಾಕ್, ಮಲಗುವಾಗ ಪೇಸ್ಟ್: ಎರಡಕ್ಕೂ ಜಗಳವಿಲ್ಲ.

ರಮಝಾನಿನಲ್ಲಿ ಅಪಾಯ ಹೆಚ್ಚು. ಇಫ್ತಾರಿನ ಖರ್ಜೂರ, ಶರ್ಬತ್ತಿನಿಂದ ಹಿಡಿದು ಸಹರಿಯವರೆಗೆ ಬಾಯಿ ಆಡುತ್ತಲೇ ಇರುತ್ತದೆ. ಸಹರಿ ಮುಗಿಸಿ ಹಾಗೇ ಮಲಗಿದರೆ ಸಿಹಿ ಹಲ್ಲಿಗೆ ಅಂಟಿಕೊಂಡೇ ಇರುತ್ತದೆ, ತೊಳೆಯಲು ಜೊಲ್ಲೂ ಕಡಿಮೆ. ಫಜ್ರ್ ಅಝಾನಿಗೆ ಹತ್ತು ನಿಮಿಷ ಮೊದಲೇ ಊಟ ಮುಗಿಸಿ ಹಲ್ಲುಜ್ಜಿ. ಹಲ್ಲು ನೋವಿದ್ದರೂ ಈದ್ ಆಗಲಿ ಎಂದು ಕಾಯುವವರು ಇದ್ದಾರೆ. 1997ರಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು, ಗಂಟಲಿಗೆ ಇಳಿದದ್ದನ್ನು ನುಂಗದಂತೆ ನೋಡಿಕೊಂಡರೆ ಹಲ್ಲು ಕೊರೆಯುವುದು, ಕೀಳುವುದು, ಸ್ವಚ್ಛಗೊಳಿಸುವುದರಿಂದ ಉಪವಾಸ ಮುರಿಯುವುದಿಲ್ಲ ಎಂದು ನಿರ್ಣಯಿಸಿದೆ. ಸಂಶಯವಿದ್ದರೆ ನಿಮ್ಮ ಆಲಿಮರನ್ನು ಕೇಳಿ ಅಥವಾ ಇಫ್ತಾರಿನ ನಂತರ ತೆರೆದಿರುವ ಕ್ಲಿನಿಕ್ಕಿಗೆ ಹೋಗಿ. ಹಗಲು ಹೋದರೆ, ಉಪವಾಸ ಇದೆ ಎಂದು ಕುರ್ಚಿಯಲ್ಲಿ ಕೂರುವ ಮೊದಲೇ ಡಾಕ್ಟರಿಗೆ ಹೇಳಿ, ಬಾಯಲ್ಲಿ ನೀರು ನಿಲ್ಲದಂತೆ ಹೀರುವ ನಳಿಗೆ ಇಡುತ್ತಾರೆ.